ಜ್ವರ ಬಂದ್ರೂ ಬಾಯಿ ಬಿಡದ ಶಾಂತವ್ವ: ಒಂದು ಆಪ್ತಸಲಹೆ ಪ್ರಕರಣ

ಹೆಸರು, ವಯಸ್ಸು, ಮನಿ ಕಡಿ ಒಂದೆರಡು ಸಂಗತಿ ಬದಲ ಮಾಡಿ ಬರದೀನಿ. ಊರು ಬಾಗಲಕೋಟಿ ಜಿಲ್ಲಾದ್ದು, ನೇಕಾರಿಕಿ ಇರೋ ಊರು, ಇಳಕಲ್ಲೋ ಗುಳೇದಗುಡ್ಡೋ ಅಂತ ಕೇಳಬ್ಯಾಡ್ರಿ. ಐವತ್ತರ ಆಸುಪಾಸಿನ ಹೆಣ್ಮಗಳು, ಶಾಂತವ್ವ ಅಂತ ಕರಿಯೋಣ. ಎದಿ ಕ್ಯಾನ್ಸರು, ಆಪರೇಷನ್ ಆಗಿ ಕೀಮೊ ನಡದಿತ್ತು, ಮೂರು ವಾರಕ್ಕೊಮ್ಮೆ ಬೆಳಗಾವಿಗೆ ಹೋಗಿ ಕೀಮೊದ ಆ ಕೆಂಪು ಬಣ್ಣದ ಔಷಧ ಹಚ್ಚಿಸ್ಕೊಂಡ ಬರೋದು.

ನನ್ನ ಹತ್ರ ಕಳಿಸಿದವರು ಅಲ್ಲಿ ಕೀಮೊ ಕೊಡೋ ಡೇ ಕೇರ್ ವಾರ್ಡಿನ ಸಿಸ್ಟರು. ಎರಡನೇ ಕೀಮೊ ಆಗಿ ಹತ್ತು ದಿನಕ್ಕ ರಾತ್ರಿ ಜ್ವರ ಬಂದಾವ, ಈಕಿ ಯಾರಿಗೂ ಹೇಳದ ಪ್ಯಾರಾಸಿಟಮಾಲ್ ನುಂಗಿ ಕೌದಿ ಹೊಚ್ಚಿ ಮಲಗ್ಯಾಳ, ಮರುದಿನ ಸಂಜಿಗೆ ಎದ್ದ ನಿಂದ್ರಾಕ ಆಗದಾಗ ಸೊಸಿ ನೋಡಿ ಗಾಬರಿಬಿದ್ದು ದವಾಖಾನಿಗೆ ಒಯ್ದಾಳ. ಸೋಂಕು ತಡಿಯೋ ಬಿಳಿ ರಕ್ತಕಣ ಪೂರಾ ಇಳದಿದ್ವು. ಜೀವಕ್ಕ ಏನೂ ಆಗ್ಲಿಲ್ಲ ಅನ್ನೋದ ದೊಡ್ಡದು.

ಯಾಕ ಹೇಳಲಿಲ್ಲ ಅಂತ ಕೇಳಿದ್ರ, "ಹೇಳಿದ್ರ ಕೀಮೊ ಮುಂದ ಹಾಕ್ತಾರಲ್ರಿ ಅಕ್ಕಾರ, ಮತ್ತ ಮಗಾ ಕೆಲಸ ಬಿಟ್ಟ ಬರಬೇಕು, ಗಾಡಿ ಖರ್ಚು ಬ್ಯಾರೆ" ಅಂದ್ಲು. ಮಗ ಬಾಜೂಕ ಕುಂತಿದ್ದ. "ಸಿಸ್ಟರ್ ನಂಬರ್ ಐತ್ರಿ, ಸಣ್ಣಸಣ್ಣದಕ್ಕ ಫೋನ್ ಮಾಡಿದ್ರ ಬೈದಾರು ಅಂತ ಸುಮ್ನಿರ್ತೀವಿ" ಅಂದ. ನಮ್ಮ ಕಡೆ ಇದೊಂದು ಐತಿ ನೋಡ್ರಿ, ಬ್ಯಾನಿ ತಡ್ಕೊಂಡ ಕುಂತವರಿಗೆ ಗಟ್ಟಿ ಜೀವ ಅಂತ ಶಾಬಾಸ್‌ಗಿರಿ ಕೊಡೋದು. ಕೀಮೊದಾಗ ಆ ಶಾಬಾಸ್‌ಗಿರಿ ತುಟ್ಟಿ ಬೀಳ್ತೈತಿ.

ಹಂಗಾಗಿ ಧೈರ್ಯ ತಗೋರಿ ಗೀರ್ಯ ತಗೋರಿ ಅಂತ ನಾ ಹೇಳಾಕ ಹೋಗ್ಲಿಲ್ಲ, ಆಕಿ ಹತ್ರ ಧೈರ್ಯ ಬೇಕಾದಷ್ಟು ಇತ್ತು. ಯಾವುದು ಮನ್ಯಾಗ ನೋಡ್ಕೊಳ್ಳೋದು, ಯಾವುದಕ್ಕ ಹೊತ್ತಿಲ್ಲದ ಹೊತ್ತಿನ್ಯಾಗೂ ಫೋನ್ ಮಾಡೋದು, ಇದು ಗೊತ್ತಿರಲಿಲ್ಲ. ಡಿಸ್ಚಾರ್ಜ್ ಕಾರ್ಡಿನ್ಯಾಗ ಎಲ್ಲಾ ಐತಿ ಖರೆ, ಇಂಗ್ಲಿಷಿನ್ಯಾಗ ಐತಿ, ಯಾರಿಗಂತ ಬರೀತಾರೋ ದೇವರಿಗೇ ಗೊತ್ತು. ಸಿಸ್ಟರನ್ನೂ ಕೂಡಿಸ್ಕೊಂಡು ಕನ್ನಡದಾಗ ಒಂದೊಂದ ಹೇಳಿದ್ವಿ.

ಜ್ವರದ ಮಾತು ಮೊದಲು. 100.4 ಫ್ಯಾರನ್‌ಹೀಟ್ ಮುಟ್ಟಿತೋ, ರಾತ್ರಿ ಎರಡಾಗಿರ್ಲಿ ಮೂರಾಗಿರ್ಲಿ, ಫೋನ್ ಮಾಡಿ ಹೊರಡಬೇಕು. ಕೀಮೊ ಆಗಿ ಒಂದು ವಾರದಿಂದ ಎರಡು ವಾರದೊಳಗ ಬಿಳಿ ಕಣ ಭಾಳ ಕಮ್ಮಿ ಇರ್ತಾವ, ಆವಾಗ ಸೋಂಕು ತಾಸಿನ ಲೆಕ್ಕದಾಗ ಏರ್ತೈತಿ. ಥರ್ಮಾಮೀಟರ್ ಇಡೂಕಿಂತ ಮುಂಚೆ ಪ್ಯಾರಾಸಿಟಮಾಲ್ ನುಂಗಬಾರದು, ಜ್ವರ ಮುಚ್ಚಿಹೋಗ್ತೈತಿ, ಸೋಂಕು ಹಂಗ ಒಳಗ ಉಳೀತೈತಿ. ಜ್ವರ ಇಲ್ಲದ ಮೈ ಗಡಗಡ ನಡುಗಿದ್ರೂ ಹೇಳಬೇಕು. ಆ ಮನ್ಯಾಗ ಥರ್ಮಾಮೀಟರೇ ಇರಲಿಲ್ಲ, ಮಗ ಅವತ್ತ ಮೆಡಿಕಲ್ ಶಾಪಿಗೆ ಹೋಗಿ ತಂದ.

ಆಮ್ಯಾಲೆ ಒಂದು ಮಾತು ತಡದ ತಡದ ಬಂತು. ಪ್ರತಿ ಕೀಮೊ ಆದಮ್ಯಾಲೆ ಮೂರ್ನಾಲ್ಕು ದಿನ ಸಂಡಾಸ ಆಗಂಗಿಲ್ಲ, ರೋಗ ಹೊಟ್ಟಿಗೂ ಇಳದೈತಿ ಅಂತ ಆಕಿ ಒಳಗೊಳಗ ಅಂಜಿದ್ಲು. ಮಗನ ಮುಂದ ಇದನ್ನ ಹೆಂಗ ಹೇಳೋದು? ಅವನ್ನ ಚಾ ತರಾಕ ಕಳಿಸಿದ್ವಿ. ಸಿಸ್ಟರು ಗುಳಿಗಿ ಡಬ್ಬಿ ತಗದು ಒಂದನ್ನ ತೋರಿಸಿ, "ಯವ್ವಾ, ವಾಂತಿ ನಿಲ್ಲಸ್ತೈತಲ್ಲ ಈ ಒಂಡಾನ್ಸೆಟ್ರಾನ್, ಇದ ಹೊಟ್ಟಿ ಕಟ್ಟಸ್ತೈತಿ, ರೋಗಲ್ಲ" ಅಂದ್ರು. ಆಕಿ ಮುಖ ನೋಡಬೇಕಿತ್ತು ಆವಾಗ. ಅದಕ್ಕ ಔಷಧ ಡಾಕ್ಟರು ಬರಕೊಟ್ರು, ಎನಿಮಾ ಗಿನಿಮಾ ಮನ್ಯಾಗ ಮಾಡ್ಕೋಬ್ಯಾಡ್ರಿ ಅಂತ ಸಿಸ್ಟರು ಬಿಗಿಯಾಗಿ ಹೇಳಿದ್ರು. ಬಾಯಿ ಹುಣ್ಣಿಗೆ, ಕುದಿಸಿ ಆರಿಸಿದ ನೀರು ಒಂದು ಗ್ಲಾಸಿಗೆ ಕಾಲು ಚಮಚ ಅಡಗಿ ಸೋಡಾ, ಚಿಟಿಕಿ ಉಪ್ಪು ಹಾಕಿ ದಿನಕ್ಕ ನಾಲ್ಕೈದು ಸಲ ಮುಕ್ಕಳಿಸೋದು, ಕೆಂಪು ಚಟ್ನಿ ಸ್ವಲ್ಪ ದಿನ ದೂರ, ಕಟಕ ರೊಟ್ಟಿ ಬದಲಿ ನುಚ್ಚು ಮಜ್ಜಿಗಿ. ಹನಿ ನೀರೂ ಇಳೀವಲ್ದು ಅಂದ್ರ ಮಾತ್ರ ಅದೂ ಫೋನಿನ ಲೆಕ್ಕಕ್ಕ ಬರ್ತೈತಿ.

ಡೈರಿ ಬರೀರಿ ಅಂದ್ರ ಆಕಿಗೆ ಅಕ್ಷರ ಅಷ್ಟಕ್ಕಷ್ಟ. ಆದ್ರ ಗ್ವಾಡಿಗೆ ಹಾಕಿದ ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕ ಇಡ್ತಿದ್ಲು, ಅರ್ಧಾ ಲೀಟರ್ ಕಮ್ಮಿ ಬಂದ ದಿನಾನೂ ಬಿಡತಿರಲಿಲ್ಲ. ಅದ ಕ್ಯಾಲೆಂಡರಿನ ತಾರೀಖಿನ ಮನ್ಯಾಗ ವಾಂತಿಗೆ ಚುಕ್ಕಿ, ಬಾಯಿ ಹುಣ್ಣಿಗೆ ಸೊನ್ನಿ, ಸಂಡಾಸ ಆದ್ರ ಗೀಟು, ಜ್ವರ ಎಷ್ಟ ಅನ್ನೋದು ಸೊಸಿ ಬರೀಬೇಕು ಅಂತ ಮಾಡಿದ್ವಿ. ಸಿಸ್ಟರು ವಾರದಾಗ ಎರಡು ದಿನ ತಾವ ಫೋನ್ ಮಾಡ್ತೀನಿ ಅಂದ್ರು, ಅದೂ ಸೊಸಿ ಫೋನಿಗೆ, ಮಗ ಕೆಲಸಕ್ಕ ಹೋದಮ್ಯಾಲೆ. ನನ್ನ ಕೇಳಿದ್ರ ಇದ ಭಾಳ ಮುಖ್ಯ, ಪೇಶಂಟ್ ಫೋನ್ ಮಾಡ್ಲಿ ಅಂತ ಕುಂತ್ರ ನಮ್ಮ ಹೆಣ್ಮಕ್ಕಳು ಮಾಡಂಗಿಲ್ಲ.

ಮಗನಿಗೆ ಇದೆಲ್ಲ ಅತೀ ಅನಿಸಿತ್ತು, ಲೆಕ್ಕದ ಮನಷ್ಯಾ. ಅವಗ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ದವಾಖಾನಿ ಲೆಕ್ಕ ಹೇಳಿದೆ: 766 ಪೇಶಂಟ್‌ಗಳನ್ನ ನೋಡಿ 2017ರಾಗ ಬರದದ್ದು, ತಮ್ಮ ತ್ರಾಸು ತಾವ ವಾರಾವಾರ ಕಂಪ್ಯೂಟರಿನ್ಯಾಗ ತಿಳಿಸಿ, ಜಾಸ್ತಿ ಆದ್ರ ನರ್ಸ್‌ಗಳಿಗೆ ಸುದ್ದಿ ಹೋಗೂವಂಗಿದ್ದ ಗುಂಪಿನ್ಯಾಗ ಅರ್ಧ ಮಂದಿ 31 ತಿಂಗಳು ದಾಟಿ ಬದುಕಿದ್ರು, ಎಂದಿನಂಗ ನಡೆದವರಾಗ ಅರ್ಧ ಮಂದಿ ದಾಟಿದ್ದು 26. ಅವರದು ಹಬ್ಬಿದ ಕ್ಯಾನ್ಸರು, ನಿಮ್ಮವ್ವಂದು ಬ್ಯಾರೆ ಅಂತಾನೂ ಹೇಳೀನಿ, ಸುಳ್ಳ ಆಸೆ ಹಚ್ಚಬಾರದು. ಆತ ಅದನ್ನ ಮೊಬೈಲಿನ್ಯಾಗ ಬರಕೊಂಡ.

ಮೂರನೇ ಕೀಮೊದಾಗ ಮತ್ತ ಜ್ವರ ಬಂದ್ವು, ಈ ಸಲ ರಾತ್ರೀನ ಫೋನ್ ಬಂತು, ತಾಸಿನೊಳಗ ಜಿಲ್ಲಾ ಕೇಂದ್ರದ ದವಾಖಾನಿಗೆ ಮುಟ್ಟಿದ್ರು, ಬೆಳಗಾವಿ ಸಿಸ್ಟರು ಅಲ್ಲಿನ ಡಾಕ್ಟರ್ ಜೊತಿ ಮಾತಾಡಿದ್ರು. ಕೀಮೊ ಒಂದು ವಾರ ಮುಂದ ಹೋತು. ಆಕಿ ಅಂಜಿದ್ದು ಇದಕ್ಕ, ಆದ್ರ ಮುಂದ ಹೋದ್ರ ನಿಂತಂಗಲ್ಲ ಅಂತ ಈಗ ಆಕೀನ ಬ್ಯಾರೆಯವರಿಗೆ ಹೇಳ್ತಾಳ.

ಇನ್ನ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಕೀಮೊ ಔಷಧ ಚಾಲೂ ಆಗೋದೈತಿ. ಕೈಬೆರಳು ಜೋಮು ಹಿಡಿಯೋದು, ಚುರುಚುರು ಅನ್ನೋದು ಅದರಾಗ ಇರೂದ. ಆಕಿ ಕೇಳಿದ್ದು ಒಂದ: "ಕಂಡಿಕಿ ಸುತ್ತಾಕ ಬರ್ತೈತೇನ್ರಿ?" ಕಂಡಿಕಿ ಅಂದ್ರ ಮಗ್ಗದ ನೂಲು ಸುತ್ತೋ ಸಣ್ಣ ಕೊಳವಿ. ಸಿಸ್ಟರು ಹೂಂ ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಎಳಿ ಹಿಡಿಯಾಕ ತ್ರಾಸ ಆದ ಮೊದಲನೇ ದಿನಾನ ಹೇಳ್ರಿ, ಗುಂಡಿ ಹಾಕ್ಕೊಳ್ಳಾಕ ಬರದಂಗ ಆಗೋತನಾ ಕಾಯಬ್ಯಾಡ್ರಿ, ಡೋಸ್ ಕಮ್ಮಿ ಮಾಡೋದು ಡಾಕ್ಟರ್ ಕೈಯಾಗ ಐತಿ ಅಂದ್ರು. ಕ್ಯಾಲೆಂಡರಿಗೆ ಇನ್ನೊಂದು ಗುರ್ತು ಬೇಕಾತು. ಏನ ಹಾಕೋದು ಅಂತ ಅತ್ತಿ ಸೊಸಿ ಇನ್ನೂ ಜಗಳಾಡಾಕ ಹತ್ಯಾರ.