ನವಜಾತ ಮಗನಿಗೆ ಸುನ್ನತಿ ಮಾಡಿಸಬೇಕೇ?

ಪ್ರಶ್ನೆ: ದಾವಣಗೆರೆಯವಳಾದ ನಾನು ಮದುವೆಯ ನಂತರ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇನೆ. ಈಗ ನನಗೆ ಎಂಟನೆಯ ತಿಂಗಳು. ಗಂಡುಮಗುವೆಂದು ಇಲ್ಲಿನ ವೈದ್ಯರು ತಿಳಿಸಿದ್ದಾರೆ. ಹೆರಿಗೆಗೆ ಹೆಸರು ನೋಂದಾಯಿಸಿದಾಗ ಆಸ್ಪತ್ರೆಯವರು ಕೊಟ್ಟ ಫಾರಂನಲ್ಲಿ, ಮಗುವಿಗೆ ಸುನ್ನತಿ ಮಾಡಿಸುವಿರಾ ಎಂಬ ಪ್ರಶ್ನೆಯಿದೆ. ನಮ್ಮ ಮನೆತನದಲ್ಲಿ ಈ ಪದ್ಧತಿಯಿಲ್ಲ. ಆದರೆ ಮಾಡಿಸಿದರೆ ಮುಂದೆ ಸೋಂಕು, ಕ್ಯಾನ್ಸರ್ ಬರುವುದಿಲ್ಲವೆಂದು ಗೆಳತಿಯರು ಹೇಳುತ್ತಾರೆ. ಮಗ ಓರಗೆಯ ಹುಡುಗರ ನಡುವೆ ಬೇರೆಯಾಗಿ ಕಂಡಾನು ಎಂಬ ಅಳುಕು ನನ್ನ ಪತಿಯವರದು. ಬಾಣಂತನಕ್ಕೆಂದು ಊರಿನಿಂದ ಬಂದಿರುವ ನನ್ನ ತಾಯಿ ಈ ಮಾತು ಕೇಳಿದಂದಿನಿಂದ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ. ನಾವು ಏನು ಮಾಡುವುದು ಸರಿ?
— ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಮಗು ಆರೋಗ್ಯವಾಗಿ ಹುಟ್ಟಿದಲ್ಲಿ, ಮನೆತನದ ಇಲ್ಲವೇ ಧರ್ಮದ ಕಟ್ಟಳೆಯೂ ಇಲ್ಲದಿರುವಾಗ, ಸುನ್ನತಿ ಮಾಡಿಸಲೇಬೇಕೆನ್ನುವಂಥ ವೈದ್ಯಕೀಯ ಕಾರಣ ಯಾವುದೂ ಇಲ್ಲ. ಫಾರಂನಲ್ಲಿ ‘ಬೇಡ’ ಎಂದು ಗುರುತು ಹಾಕಿದರೆ ಮಗುವಿಗೆ ಸಲ್ಲಬೇಕಾದುದನ್ನು ತಪ್ಪಿಸಿದಂತೆ ಆಗುವುದಿಲ್ಲ. ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಹಾಗೆಯೇ ಮಾಡುತ್ತಿದ್ದೆ.

ನಿಮ್ಮ ತಾಯಿಯವರ ಗಾಬರಿ ಸಹಜವಾದದ್ದು. ನಮ್ಮ ಕಡೆ ಇದು ಮುಸಲ್ಮಾನರ ಮನೆಗಳ ಸಂಸ್ಕಾರವೆಂದೇ ಪರಿಚಿತ. ಉಪನಯನಕ್ಕೂ ಇದಕ್ಕೂ ‘ಮುಂಜಿ’ ಎಂಬ ಒಂದೇ ಮಾತು ಬಳಕೆಯಲ್ಲಿರುವುದನ್ನು ಅವರೂ ಕೇಳಿರಬಹುದು. ಯಹೂದಿಗಳಲ್ಲಿ ಇದು ಹುಟ್ಟಿದ ಎಂಟನೆಯ ದಿನ ನಡೆಯುತ್ತದೆ. ಅಮೆರಿಕದಲ್ಲಾದರೋ ಧರ್ಮದ ಹಂಗಿಲ್ಲದೆ ಆಸ್ಪತ್ರೆಯ ವಾಡಿಕೆಯಾಗಿ ಬೆಳೆದುಬಂದಿದೆ. ಫಾರಂನಲ್ಲಿ ಕೇಳಿದ ಮಾತ್ರಕ್ಕೆ ಅದು ವೈದ್ಯರ ಸಲಹೆಯಲ್ಲ. ಅಲ್ಲಿನ ಮಕ್ಕಳ ವೈದ್ಯರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2012ರಲ್ಲಿ, ಸುನ್ನತಿಯ ಪ್ರಯೋಜನ ಅದರ ಅಪಾಯಕ್ಕಿಂತ ಹೆಚ್ಚೆಂದು ಒಪ್ಪಿಕೊಂಡರೂ, ಎಲ್ಲ ಗಂಡುಶಿಶುಗಳಿಗೂ ಮಾಡಿಸಿ ಎನ್ನುವಷ್ಟು ಆ ಪ್ರಯೋಜನ ದೊಡ್ಡದಲ್ಲವೆಂದು ಹೇಳಿ, ತೀರ್ಮಾನವನ್ನು ತಂದೆತಾಯಿಗೆ ಬಿಟ್ಟಿತು. ನೆರೆಯ ಕೆನಡಾದ ಮಕ್ಕಳ ವೈದ್ಯರ ಸಂಘವಂತೂ 2015ರಲ್ಲಿ, ಪ್ರತಿ ಶಿಶುವಿಗೂ ಇದನ್ನು ಮಾಡುವುದನ್ನು ತಾನು ಶಿಫಾರಸು ಮಾಡುವುದಿಲ್ಲವೆಂದೇ ತಿಳಿಸಿತು.

ಗೆಳತಿಯರ ಮಾತು ಪೂರ್ತಿ ಸುಳ್ಳಲ್ಲ. ಲೆಕ್ಕ ಮಾತ್ರ ತಪ್ಪಿದೆ. ಸುನ್ನತಿಯಾಗದ ನೂರು ಗಂಡುಮಕ್ಕಳಲ್ಲಿ ಸುಮಾರು ಒಬ್ಬನಿಗೆ ಮೊದಲ ವರ್ಷದೊಳಗೆ ಮೂತ್ರದ ಸೋಂಕು ತಗಲುತ್ತದೆ. ಸುನ್ನತಿಯಾದವರಲ್ಲಿ ಅದು ಸಾವಿರಕ್ಕೆ ಒಂದೋ ಎರಡೋ. ಹಲವು ಪಟ್ಟು ಕಡಿಮೆ ಎಂದಾಗ ದೊಡ್ಡದೆನಿಸುವ ಈ ಲಾಭದ ಇನ್ನೊಂದು ಮುಖವೆಂದರೆ, ಒಂದು ಸೋಂಕನ್ನು ತಪ್ಪಿಸಲು ನೂರಕ್ಕೂ ಹೆಚ್ಚು ಮಕ್ಕಳಿಗೆ ಕತ್ತರಿ ಹಾಕಬೇಕಾಗುತ್ತದೆ, ಮತ್ತು ಆ ಸೋಂಕು ಬೇಗ ಪತ್ತೆಯಾದರೆ ಆ್ಯಂಟಿಬಯಾಟಿಕ್ ಔಷಧಿಗೆ ಬಗ್ಗುವಂಥದ್ದು. ಗರ್ಭದ ಸ್ಕ್ಯಾನ್‌ನಲ್ಲಿ ಮಗುವಿನ ಮೂತ್ರಪಿಂಡ ಊದಿಕೊಂಡಿರುವುದು ಕಂಡಿದ್ದರೆ ಮಾತ್ರ ತಕ್ಕಡಿ ಬೇರೆ ಕಡೆ ವಾಲಬಹುದು. ಆಗ ಮಕ್ಕಳ ಮೂತ್ರರೋಗ ತಜ್ಞರನ್ನು ಕಾಣಿರಿ. ಶಿಶ್ನದ ಕ್ಯಾನ್ಸರ್ ಬಹಳ ಅಪರೂಪ. ಸ್ವಚ್ಛತೆ, ತಂಬಾಕಿನಿಂದ ದೂರವಿರುವುದು, ಹದಿಹರೆಯಕ್ಕೆ ಮುನ್ನ, ಈ ಕ್ಯಾನ್ಸರಿಗೂ ಕಾರಣವಾಗಬಲ್ಲ ವೈರಾಣುವನ್ನು ತಡೆಯುವ ಎಚ್‌ಪಿವಿ ಲಸಿಕೆ, ಇವು ಅದರ ಅಪಾಯವನ್ನು ತಗ್ಗಿಸುತ್ತವೆ. ಎಚ್‌ಐವಿಯ ವಿಷಯದಲ್ಲಿ ದಕ್ಷಿಣ ಆಫ್ರಿಕಾ, ಕೆನ್ಯಾ ಮತ್ತು ಉಗಾಂಡಾಗಳ ಅಧ್ಯಯನಗಳು ಹೆಣ್ಣಿನಿಂದ ಗಂಡಿಗೆ ತಗಲುವ ಸಂಭವ ಶೇ 50ರಿಂದ 60ರಷ್ಟು ಇಳಿದದ್ದನ್ನು ತೋರಿಸಿದವು. ಆದರೆ ಅವು ವಯಸ್ಕರ ಮೇಲೆ, ಸೋಂಕು ವ್ಯಾಪಕವಾಗಿದ್ದ ಪ್ರದೇಶಗಳಲ್ಲಿ ನಡೆದವು. ನಿಮ್ಮ ಮಗ ಆ ವಯಸ್ಸಿಗೆ ಬಂದಾಗ ತಾನೇ ಯೋಚಿಸಬಲ್ಲ.

ನಿಮ್ಮ ಪತಿಯವರ ಅಳುಕಿಗೂ ಒಂದು ಅಂಕಿ ಇದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಸುನ್ನತಿಯಾಗುತ್ತಿದ್ದ ನವಜಾತ ಗಂಡುಮಕ್ಕಳ ಪ್ರಮಾಣ 1979ರಲ್ಲಿ ಶೇ 64.5 ಇದ್ದದ್ದು 2010ಕ್ಕೆ ಶೇ 58.3ಕ್ಕೆ ಇಳಿದಿತ್ತು. ಅಂದರೆ ಯಾವ ತರಗತಿಯಲ್ಲೂ ಎರಡು ಬಗೆಯ ಹುಡುಗರೂ ಇದ್ದೇ ಇರುತ್ತಾರೆ.

ಮಾಡಿಸುವುದೇ ಆದರೆ ಶೈಶವದಲ್ಲೇ ಸುಲಭ ಎಂಬ ವಾದದಲ್ಲಿ ಹುರುಳಿದೆ: ಆಗ ಸ್ಥಳೀಯ ಅರಿವಳಿಕೆ ಸಾಕು, ರಕ್ತಸ್ರಾವದಂಥ ತೊಂದರೆಗಳೂ ಕಡಿಮೆ; ದೊಡ್ಡ ಹುಡುಗನಿಗಾದರೆ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಒಂದು ವೇಳೆ ನೀವಿಬ್ಬರೂ ಆ ಕಡೆಗೇ ಒಲಿದರೆ, ನೋವು ತಡೆಯುವ ಚುಚ್ಚುಮದ್ದು ಕೊಡುತ್ತಾರೆಯೇ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ. ಬಾಯಿಗೆ ಸಕ್ಕರೆ ನೀರು ಹಾಕುವುದಷ್ಟೇ ಸಾಲದು. ಮಗುವಿನ ಸೋದರಮಾವಂದಿರಲ್ಲಿ, ಎಂದರೆ ನಿಮ್ಮ ಅಣ್ಣತಮ್ಮಂದಿರಲ್ಲಿ, ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆಯಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ, ಏಕೆಂದರೆ ಹಿಮೋಫಿಲಿಯಾ ತಾಯಿಯ ಮೂಲಕವೇ ಗಂಡುಮಕ್ಕಳಿಗೆ ಬರುತ್ತದೆ. ಹುಟ್ಟಿದಾಗ ಮೂತ್ರದ್ವಾರ ತುದಿಯಲ್ಲಿರದೆ ಕೆಳಬದಿಯಲ್ಲಿದ್ದರೆ ಸುನ್ನತಿ ಕೂಡದು. ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ, ಸುನ್ನತಿಯಲ್ಲಿ ಕತ್ತರಿಸಿ ತೆಗೆಯುವ ಮುಂದೊಗಲೇ, ಎಂದರೆ ಶಿಶ್ನದ ತುದಿಯನ್ನು ಮುಚ್ಚುವ ಚರ್ಮವೇ, ಬೇಕಾಗುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದು ಉಳಿದಿದೆ, ಮತ್ತು ಅದು ನಿಮ್ಮ ತಾಯಿಯವರಿಗೆ ಸಂಬಂಧಿಸಿದ್ದು. ಸುನ್ನತಿಗೆ ಹೆದರುವ ನಮ್ಮ ಅಜ್ಜಿಯರೇ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುವಾಗ, ‘ಬಿಡಿಸದಿದ್ದರೆ ಅಂಟಿಕೊಂಡುಬಿಡುತ್ತದೆ’ ಎಂದು ಎಣ್ಣೆ ಹಚ್ಚಿ ಮುಂದೊಗಲನ್ನು ದಿನವೂ ಹಿಂದಕ್ಕೆಳೆಯುತ್ತಾರೆ. ಅದು ಅಂಟಿಕೊಂಡೇ ಹುಟ್ಟುತ್ತದೆ. 1949ರಲ್ಲಿ ಬ್ರಿಟನ್ನಿನ ವೈದ್ಯ ಡಗ್ಲಸ್ ಗೇರ್ಡ್ನರ್ ಪರೀಕ್ಷಿಸಿದ ನವಜಾತ ಶಿಶುಗಳಲ್ಲಿ ಮುಂದೊಗಲು ಪೂರ್ತಿ ಹಿಂದೆ ಸರಿಯುತ್ತಿದ್ದದ್ದು ಶೇ 4ರಲ್ಲಿ ಮಾತ್ರ. ಮುಂದೆ ಅದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಕೆಲವರಲ್ಲಿ ಹದಿಹರೆಯದವರೆಗೂ ಕಾಯಬೇಕಾದೀತು. ಬಲವಂತವಾಗಿ ಎಳೆದರೆ ಸಣ್ಣ ಗಾಯಗಳಾಗಿ, ಮಾಯುವಾಗ ಬಿಗಿಯಾಗಿ, ಕೊನೆಗೆ ಯಾವುದನ್ನು ಬೇಡವೆಂದಿರೋ ಆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಹೊರಗಿನಿಂದ ಬೆಚ್ಚನೆಯ ನೀರಿನಲ್ಲಿ ತೊಳೆದರೆ ಸಾಕು. ಮೂತ್ರ ಮಾಡುವಾಗ ತುದಿ ಬಲೂನಿನಂತೆ ಉಬ್ಬಿ ಇಳಿದರೆ, ನೋವಿಲ್ಲದಿದ್ದಲ್ಲಿ, ಹೆದರಬೇಕಾಗಿಲ್ಲ. ತುದಿ ಕೆಂಪಗಾಗಿ ಊದಿಕೊಂಡರೆ, ಮೂತ್ರ ಹನಿಹನಿಯಾಗಿ ಬಂದರೆ ಅಥವಾ ಕಾರಣ ತಿಳಿಯದ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ತಪಾಸಣೆಗೆ ಹೋದಾಗ ಅಲ್ಲಿನ ದಾದಿಯರಿಗೂ ‘ಎಳೆಯಬೇಡಿ’ ಎಂದು ಮೊದಲೇ ಹೇಳಿಬಿಡಿ. ಸುನ್ನತಿಯಾದ ಮಕ್ಕಳನ್ನೇ ಹೆಚ್ಚಾಗಿ ನೋಡಿದವರಿಗೆ ಇದು ತಿಳಿಯದಿರಬಹುದು.