ಡಿಸ್ಟಿಲರಿಯ ಲೆಕ್ಕ ಬರೆಯುವವನು ಕರ್ತನ ಭೋಜನಕ್ಕೆ ಅಯೋಗ್ಯನೇ?

ಸಹೋದರರೇ, ವಂದನೆಗಳು. ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ನೀವು ಮುಧೋಳದ ಕಡೆಯವರು, ಬಿ.ಕಾಂ. ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ಇದ್ದವರು, ಈಗ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿ (ಮದ್ಯಸಾರ ಭಟ್ಟಿ ಇಳಿಸುವ) ವಿಭಾಗದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಆ ಕೆಲಸಕ್ಕೆ ಸೇರಿದರೆ, ಯೇಸುವಿನ ನೆನಪಿಗಾಗಿ ಸಭೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ ಬರಬೇಡ ಎಂದು ಸಭೆಯ ಹಿರಿಯರೊಬ್ಬರು ಹೇಳಿದ್ದಾರೆ. ಇತ್ತ ಖಾನಾಪುರದ ಕ್ಯಾಥೊಲಿಕ್ ಗೆಳೆಯನ ಮದುವೆಯಲ್ಲಿ ಫಾದರ್ ಎದುರಿಗೇ ಎಲ್ಲರೂ ವೈನ್ ಗ್ಲಾಸು ಎತ್ತಿ ವಧೂವರರಿಗೆ ಹಾರೈಸಿದ್ದನ್ನು ನೀವು ಕಂಡಿದ್ದೀರಿ. ಕುಡಿಯುವುದು ಪಾಪವೇ, ಆ ಕೆಲಸ ಪಾಪವೇ, ನನಗೆ ತೀರ್ಪು ಕೊಡುವ ಅಧಿಕಾರ ಅವರಿಗೆ ಇದೆಯೇ ಎಂಬುದು ನಿಮ್ಮ ಪ್ರಶ್ನೆ.

ನಾನು ಪಾದ್ರಿಯಲ್ಲ. ಬೆಳಗಾವಿಯಲ್ಲಿರುವ ಪ್ರೊಟೆಸ್ಟೆಂಟ್ ಸಭೆಯೊಂದರ ಸಮಿತಿಯಲ್ಲಿ ಒಂಬತ್ತು ವರ್ಷ ಇದ್ದವನು. ಆ ಅವಧಿಯಲ್ಲಿ ಇಂಥದ್ದೇ ಒಂದು ವಿಷಯದಲ್ಲಿ ನಾನು ಕೈಯೆತ್ತಿ ಮಾಡಿದ ತಪ್ಪನ್ನು ಮುಂದೆ ಹೇಳುತ್ತೇನೆ. ಉತ್ತರ ಬರೆಯಲು ನನಗಿರುವ ಅರ್ಹತೆ ಅದೊಂದೇ ಎಂದು ತಿಳಿಯಿರಿ.

ಮೊದಲು ಕುಡಿತದ ಮಾತು. ನಾನು ಮದ್ಯವನ್ನು ಮುಟ್ಟುವುದಿಲ್ಲ, ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮ ಕಾಕಾ ಸಾರಾಯಿಯಿಂದ ಸತ್ತರು. ಸಂತೆಯ ದಿನ ಕೂಲಿ ಬಂದ ಕೂಡಲೇ ಕಾಕಿ ಕೈಗೆ ಸಿಕ್ಕಷ್ಟು ನೋಟುಗಳನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಮೊಣಕೈವರೆಗೂ ಕೈಹಾಕಿ ಹೂತಿಡುತ್ತಿದ್ದರು, ರಾತ್ರಿ ಕಾಕಾ ಆ ಡಬ್ಬಿಯನ್ನೇ ನೆಲಕ್ಕೆ ಬೋರಲು ಹಾಕುತ್ತಿದ್ದರು. ಹಿಟ್ಟಿನಲ್ಲಿ ಬೆಳ್ಳಗಾದ ನೋಟನ್ನು ಅವರು ಅಂಗಿಗೆ ಒರೆಸಿಕೊಂಡು ಹೊರಗೆ ಹೋಗುತ್ತಿದ್ದುದು ಈಗಲೂ ನನ್ನ ಕಣ್ಣಮುಂದಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಕಾಕಿ ಬದುಕಿದ್ದರು, ಕಾಕಾ ಇರಲಿಲ್ಲ. ಆದ್ದರಿಂದ ಕುಡಿತವನ್ನು ಕಂಡು ಸಿಟ್ಟಾಗುವ ಹಿರಿಯರನ್ನು ನಾನು ಹಗುರವಾಗಿ ಕಾಣಲಾರೆ. ಅವರ ಮನೆಯಲ್ಲಿಯೂ ಅಂಥದ್ದೊಂದು ಡಬ್ಬಿ ಇದ್ದಿರಬಹುದು.

ಆದರೂ ನಮ್ಮ ಮನೆಯ ಗಾಯವನ್ನು ಸತ್ಯವೇದದ (ಬೈಬಲಿನ) ಆಜ್ಞೆ ಎಂದು ಹೇಳುವ ಹಕ್ಕು ನನಗಿಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸು ಆರು ಕಲ್ಲಿನ ಬಾನಿಗಳ ನೀರನ್ನು ದ್ರಾಕ್ಷಾರಸ ಮಾಡಿದನು. ಅಲ್ಲಿ ಹೇಳಿರುವ ಅಳತೆಯನ್ನು ಇಂದಿನ ಲೆಕ್ಕಕ್ಕೆ ತಂದರೆ ಸುಮಾರು 480ರಿಂದ 700 ಲೀಟರ್ ಆಗುತ್ತದೆ. ಕನ್ನಡದಲ್ಲಿ ದ್ರಾಕ್ಷಾರಸ ಎಂದು ಓದುವ ನಮಗೆ ಬೇಸಿಗೆಯಲ್ಲಿ ಅಂಗಡಿಯಲ್ಲಿ ಕುಡಿಯುವ ದ್ರಾಕ್ಷಿ ಜ್ಯೂಸು ನೆನಪಾಗುತ್ತದೆ, ಅದು ಬರೀ ಹಣ್ಣಿನ ರಸ ಎಂದು ವಾದಿಸುವುದೂ ಸುಲಭವಾಗುತ್ತದೆ. ಆದರೆ ಮೂಲ ಗ್ರೀಕಿನಲ್ಲಿ ಅಲ್ಲಿರುವ ಪದ ಓಯಿನೋಸ್. ಮತ್ತರಾಗಬೇಡಿರಿ ಎಂದು ಅಪೊಸ್ತಲನಾದ ಪೌಲನು ಎಫೆಸದವರಿಗೆ ಬರೆಯುವಾಗ ಬಳಸಿರುವುದೂ ಅದೇ ಪದ. ಅದೇ ಪೌಲನು ತಿಮೊಥೆಯನಿಗೆ ಹೊಟ್ಟೆಯ ಬೇನೆಗಾಗಿ ಅದನ್ನು ಸ್ವಲ್ಪ ತೆಗೆದುಕೋ ಎಂದೂ ಬರೆಯುತ್ತಾನೆ. ರೇಕಾಬ್ಯರೆಂಬ ಕುಲದವರು ತಮ್ಮ ಮೂಲಪುರುಷನ ಮಾತಿಗಾಗಿ ದ್ರಾಕ್ಷಾರಸವನ್ನು ಬಿಟ್ಟದ್ದನ್ನು ಯೆರೆಮೀಯನ ಗ್ರಂಥ ಮೆಚ್ಚುತ್ತದೆ, ಆದರೆ ಉಳಿದ ಇಸ್ರಾಯೇಲ್ಯರೂ ಹಾಗೆಯೇ ಬಿಡಬೇಕೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಒಟ್ಟಿನಲ್ಲಿ ಸತ್ಯವೇದವು ಪಾಪ ಎನ್ನುವುದು ಮತ್ತೇರುವುದನ್ನು, ಅದಕ್ಕೆ ದಾಸನಾಗುವುದನ್ನು. ಮತ್ತೊಬ್ಬನಿಗೆ ಕುಡಿಸಿ ಅವನನ್ನು ಕೆಡಿಸುವವನಿಗಂತೂ ಪ್ರವಾದಿ ಹಬಕ್ಕೂಕನ ಮಾತಿನಲ್ಲಿ ಅಯ್ಯೋ ಎಂಬ ಎಚ್ಚರಿಕೆಯೇ ಇದೆ.

ಸಭೆಗಳ ನಡುವಿನ ವ್ಯತ್ಯಾಸ ಇಲ್ಲಿಂದಲೇ ಹುಟ್ಟಿದ್ದು. ಕ್ಯಾಥೊಲಿಕ್ ಸಭೆಯ ನಿಯಮದಂತೆ ಬಲಿಪೂಜೆಗೆ ದ್ರಾಕ್ಷಿಯಿಂದ ಮಾಡಿದ ಸಹಜ ವೈನೇ ಬೇಕು. ಮಿತವಾಗಿ ಕುಡಿಯುವುದನ್ನು ಅವರು ಪಾಪವೆನ್ನುವುದಿಲ್ಲ, ಮಿತಿಮೀರುವುದನ್ನು ಪಾಪವೆನ್ನುತ್ತಾರೆ. ನಿಮ್ಮ ಗೆಳೆಯನ ಮನೆಯವರು ತಮ್ಮ ಸಭೆಯ ಬೋಧನೆಗೆ ವಿರುದ್ಧವಾಗಿ ಏನನ್ನೂ ಮಾಡಲಿಲ್ಲ. ಪ್ರೊಟೆಸ್ಟೆಂಟರಲ್ಲೇ ಒಂದು ಪಂಗಡವಾದ ಮೆಥೋಡಿಸ್ಟರ ದಾರಿ ಬೇರೆ. ಅಗ್ಗದ ಜಿನ್ ಇಂಗ್ಲೆಂಡಿನ ಬಡವರ ಮನೆಗಳನ್ನು ಹಾಳುಮಾಡುತ್ತಿದ್ದ ಕಾಲದಲ್ಲಿ, 1743ರಲ್ಲಿ, ಜಾನ್ ವೆಸ್ಲಿ ತನ್ನ ಸಂಘದವರಿಗೆ ಬರೆದ ನಿಯಮಗಳಲ್ಲಿ ಭಟ್ಟಿ ಇಳಿಸಿದ ಮದ್ಯವನ್ನು ತೀರಾ ಅಗತ್ಯವಿದ್ದ ಹೊರತು ಕುಡಿಯುವುದನ್ನು ಮಾತ್ರವಲ್ಲ, ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸಿದನು. ಮುಂದೆ 1869ರಲ್ಲಿ ಅಮೆರಿಕದ ಮೆಥೋಡಿಸ್ಟ್ ಥಾಮಸ್ ವೆಲ್ಚ್ ದ್ರಾಕ್ಷಿರಸವನ್ನು ಕಾಯಿಸಿ ಹುಳಿಯದಂತೆ ಇಡುವ ವಿಧಾನವನ್ನು ಬಳಕೆಗೆ ತಂದ ಮೇಲೆ ಭೋಜನದ ಬಟ್ಟಲಲ್ಲಿಯೂ ರಸವೇ ಬಂತು. ನಮ್ಮ ಸಭೆಯಲ್ಲಿಯೂ ಅದೇ ರೂಢಿ. ವಿಜಯಪುರದ ಒಣದ್ರಾಕ್ಷಿಯನ್ನು ಶನಿವಾರ ರಾತ್ರಿ ನೆನೆಹಾಕಿ, ಭಾನುವಾರ ನಸುಕಿನಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ ಸೋಸುವ ಕೆಲಸವನ್ನು ನನ್ನ ಹೆಂಡತಿ ಎಷ್ಟೋ ವರ್ಷ ಮಾಡಿದ್ದಾಳೆ. ಹೀಗೆ ಕುಡಿಯದಿರುವುದನ್ನು ವ್ರತವಾಗಿ ಹಿಡಿದ ಸಭೆ, ಮಿತವಾಗಿ ಕುಡಿಯುವುದನ್ನು ಒಪ್ಪಿದ ಸಭೆ, ಎರಡೂ ಇವೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯವನ್ನು ಇವುಗಳಲ್ಲಿ ಒಂದು ಮತ್ತೊಂದನ್ನು ಹೀನಾಯಮಾಡದ ಹಾಗೆ ಓದಬೇಕು.

ಕೆಲಸದ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ತಪ್ಪಾದ ಕೆಲಸಗಳು ಇವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮಟಕಾ ಚೀಟಿ ಬರೆಯುವವನಿಗೆ, ಮೀಟರ್ ಬಡ್ಡಿಯ ವಸೂಲಿಗೆ ಮನೆಮುಂದೆ ನಿಂತು ಹೆಂಗಸರನ್ನು ಬೈಯುವವನಿಗೆ, ಇದನ್ನು ಪ್ರಾಮಾಣಿಕವಾಗಿ ಮಾಡು ಎಂದು ಹೇಳಲು ಬರುವುದಿಲ್ಲ. ಬಿಡು ಎಂದೇ ಹೇಳಬೇಕು. ಆದರೆ ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರು ಬಂದು ನಾವೇನು ಮಾಡಬೇಕು ಎಂದು ಕೇಳಿದಾಗ ಅವನು ಸುಂಕದ ಕಟ್ಟೆಯನ್ನು ಬಿಟ್ಟು ಬನ್ನಿ ಎನ್ನಲಿಲ್ಲ, ನೇಮಕವಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದನು. ಸಿಪಾಯಿಗಳಿಗೂ ಸುಲಿಗೆ ಮಾಡಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದನು. ಅರಾಮಿನ ಸೇನಾಪತಿ ನಾಮಾನನು ತನ್ನ ಅರಸನ ಜೊತೆ ಅನ್ಯದೇವರಾದ ರಿಮ್ಮೋನನ ಗುಡಿಯಲ್ಲಿ ಬಾಗಬೇಕಾಗುತ್ತದೆ ಎಂದು ಎಲೀಷನ ಎದುರು ಸಂಕಟಪಟ್ಟಾಗ ಪ್ರವಾದಿ ಹೇಳಿದ್ದು ಸಮಾಧಾನದಿಂದ ಹೋಗು ಎಂದು ಮಾತ್ರ. ಆದಿಸಭೆಯ ಬರಹಗಾರ ಹಿಪ್ಪೊಲಿತನ ಹೆಸರಿನಲ್ಲಿ ಉಳಿದುಬಂದ ನಿಯಮಗಳಲ್ಲಿ ಒಂದು ಉದ್ಯೋಗಗಳ ಪಟ್ಟಿಯೇ ಇದೆ. ವೇಶ್ಯಾಗೃಹ ನಡೆಸುವವನು, ಕತ್ತಿಕಾಳಗದ ಮಲ್ಲ, ವಿಗ್ರಹ ಮಾಡುವವನು ಆ ಕೆಲಸ ಬಿಡಬೇಕು, ಇಲ್ಲವಾದರೆ ಸಭೆಗೆ ಸೇರಿಸಕೂಡದು. ಮಕ್ಕಳಿಗೆ ಲೌಕಿಕ ವಿದ್ಯೆ ಕಲಿಸುವವನ ಸಂಗತಿ ಬಂದಾಗ ಮಾತ್ರ, ಬಿಟ್ಟರೆ ಒಳ್ಳೆಯದು, ಆದರೆ ಅವನಿಗೆ ಬೇರೆ ಕಸುಬು ಇಲ್ಲದಿದ್ದರೆ ಅನುಮತಿ ಇರಲಿ ಎಂದು ಆ ಕಟ್ಟುನಿಟ್ಟಿನ ಜನರೇ ಬರೆದಿದ್ದಾರೆ. ಆ ಕೊನೆಯ ಮಾತಿನಲ್ಲಿ ನನಗೆ ಒಬ್ಬ ಬಡ ಮೇಷ್ಟರ ಮನೆಯ ಒಲೆ ಕಾಣಿಸುತ್ತದೆ. (ಕೂಡಲಸಂಗಮ ಇರುವ ಜಿಲ್ಲೆಯ ನಿಮಗೆ ಹೆಂಡದ ಮಾರಯ್ಯನ ಹೆಸರು ಹೊಸದಿರಲಾರದು, ಹೆಂಡ ಮಾರುವ ಕಾಯಕದವನನ್ನೂ ಶರಣರು ತಮ್ಮ ಬಳಗದಿಂದ ಹೊರಗಿಡಲಿಲ್ಲ.)

ಇನ್ನು ನಿಮ್ಮ ಡಿಸ್ಟಿಲರಿ. ಒಂದು ಟನ್ ಕಬ್ಬು ಅರೆದರೆ ಸಾಮಾನ್ಯವಾಗಿ 40ರಿಂದ 45 ಕಿಲೋ ಕಾಕಂಬಿ (ಮೊಲಾಸಿಸ್) ಉಳಿಯುತ್ತದೆ. ಅದನ್ನು ಹುಳಿಸಿ ಭಟ್ಟಿ ಇಳಿಸಿದ ಸ್ಪಿರಿಟ್ಟಿನಲ್ಲಿ ಒಂದು ಪಾಲು ಎಥೆನಾಲ್ ಆಗಿ ಪೆಟ್ರೋಲಿಗೆ ಸೇರುತ್ತದೆ, ಒಂದು ಪಾಲು ಔಷಧ ಮತ್ತು ರಾಸಾಯನಿಕದ ಕಾರ್ಖಾನೆಗಳಿಗೆ ಹೋಗುತ್ತದೆ, ಒಂದು ಪಾಲು ಮದ್ಯದ ಬಾಟಲಿಗೆ ಹೋಗುತ್ತದೆ. ರಾಯಬಾಗ ತಾಲ್ಲೂಕಿನಲ್ಲಿ ನನ್ನದೂ ಎರಡೂವರೆ ಎಕರೆ ಕಬ್ಬಿದೆ. ಕಟಾವಿನ ಗ್ಯಾಂಗು ಬಂದು ಕಡಿದು ಟ್ರ್ಯಾಕ್ಟರಿಗೆ ಹೇರಿದ ಮೇಲೆ ಅದರ ಕಾಕಂಬಿ ಎಲ್ಲಿಗೆ ಹೋಯಿತೆಂದು ನಾನು ಒಮ್ಮೆಯೂ ಕೇಳಿಲ್ಲ, ಆದರೆ ಕಬ್ಬಿನ ಬಿಲ್ಲಿನಿಂದಲೇ ಸಭೆಗೆ ದಶಮಾಂಶ (ಆದಾಯದ ಹತ್ತನೆಯ ಒಂದು ಪಾಲು) ಕೊಟ್ಟಿದ್ದೇನೆ. ನಿಮ್ಮನ್ನು ತಡೆದ ಹಿರಿಯರ ಹೊಲದಲ್ಲಿ ಏನಿದೆಯೋ ನಾನರಿಯೆ, ನನ್ನ ಹೊಲದಲ್ಲಿ ಇರುವುದನ್ನು ಮಾತ್ರ ಹೇಳುತ್ತಿದ್ದೇನೆ. ಬೆಳೆದವನು ಶುದ್ಧ, ಲೆಕ್ಕ ಬರೆದವನು ಅಶುದ್ಧ ಎಂಬ ಗೆರೆಯನ್ನು ಎಳೆಯಲು ನನ್ನ ಕೈ ಬರುವುದಿಲ್ಲ.

ಹಾಗೆಂದು ನಿಮ್ಮ ಕೆಲಸದಲ್ಲಿ ಅಪಾಯವಿಲ್ಲವೆಂದು ತಿಳಿಯಬೇಡಿ. ಲೆಕ್ಕದಲ್ಲಿ ಕಾಣದ ಸ್ಪಿರಿಟ್ಟು ಗೇಟಿನ ಹೊರಗೆ ಹೋದರೆ ಅದು ನಕಲಿ ಮದ್ಯವಾಗುತ್ತದೆ, ಅಂಥದ್ದನ್ನು ಕುಡಿದು ಕಣ್ಣು ಕಳೆದುಕೊಂಡವರೂ ಸತ್ತವರೂ ಇದ್ದಾರೆ. ಅಬಕಾರಿ ಇಲಾಖೆಗೆ ತೋರಿಸುವ ರಿಜಿಸ್ಟರಿನಲ್ಲಿ ಒಂದು ಟ್ಯಾಂಕರನ್ನು ಬಿಟ್ಟು ಬರೆ ಎಂದು ಯಾರಾದರೂ ನಿಮಗೆ ಹೇಳುವ ದಿನ ಬಂದರೆ, ನೇಮಕವಾದದ್ದಕ್ಕಿಂತ ಹೆಚ್ಚು ಬೇಡ ಎಂಬ ಯೋಹಾನನ ಮಾತು ನಿಮ್ಮ ಮೇಜಿನ ಮೇಲೆ ಬಂದು ಕುಳಿತಿದೆ ಎಂದು ತಿಳಿಯಿರಿ. ಆ ದಿನ ಕೆಲಸ ಬಿಟ್ಟು ಬರಲೇಬೇಕು. ಅಂಥ ಒತ್ತಡವಿಲ್ಲದೆ ನೆಟ್ಟಗೆ ಲೆಕ್ಕ ಬರೆಯಲು ಸಾಧ್ಯವಿದ್ದರೆ, ಆ ಕೆಲಸಕ್ಕೆ ಸೇರುವುದು ಪಾಪ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ನಿಮ್ಮ ಮನಸ್ಸೇ ದಿನವೂ ಚುಚ್ಚುತ್ತಿದ್ದರೆ ನನ್ನ ಮಾತನ್ನು ಆಧಾರ ಮಾಡಿಕೊಳ್ಳಬೇಡಿ. ಸಂಶಯಪಡುತ್ತಲೇ ಮಾಡಿದ್ದು ಪಾಪ ಎಂದು ಪೌಲನು ಅದೇ 14ನೇ ಅಧ್ಯಾಯದ ಕೊನೆಯಲ್ಲಿ ಬರೆದಿದ್ದಾನೆ.

ಈಗ ನನ್ನ ತಪ್ಪಿನ ವಿಷಯ. ನಮ್ಮ ಸಭೆಯಲ್ಲಿ ಪವರ್‌ಲೂಮ್ ಮಗ್ಗದಲ್ಲಿ ಕೆಲಸಕ್ಕಿದ್ದ ಒಬ್ಬರು ಇದ್ದರು. ಮಗ್ಗ ನಿಂತುಹೋದ ಮೇಲೆ ನಾಲ್ಕು ತಿಂಗಳು ಅಲೆದು, ಕೊನೆಗೆ ಒಂದು ಬಾರಿನಲ್ಲಿ ಕ್ಯಾಷಿಯರ್ ಆಗಿ ಸೇರಿದರು. ಸಮಿತಿಯಲ್ಲಿ ಮಾತು ಬಂತು, ಅವರು ಆ ಕೆಲಸ ಬಿಡುವವರೆಗೂ ಭೋಜನಕ್ಕೆ ಬರಕೂಡದೆಂದು ತೀರ್ಮಾನವಾಯಿತು. ಠರಾವನ್ನು ನನ್ನ ಕೈಯಾರೆ ಬರೆದೆ. ಅವರನ್ನು ಕರೆದು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಮುಂದಿನ ಭೋಜನದ ಭಾನುವಾರ ಅವರ ಸಾಲು ಎದ್ದಾಗ ಅವರೂ ಎದ್ದರು. ನಮ್ಮಲ್ಲೊಬ್ಬರು ಹಿಂದಿನಿಂದ ಹೋಗಿ ಅವರ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ಪಕ್ಕದಲ್ಲಿದ್ದ ಏಳೆಂಟು ವರ್ಷದ ಮಗಳು ಅಪ್ಪನ ಮುಖ ನೋಡಿದಳು, ಆಮೇಲೆ ಆ ಕೈಯನ್ನು ನೋಡಿದಳು. ಸಣ್ಣ ಗ್ಲಾಸುಗಳ ತಟ್ಟೆ ಮುಂದಿನ ಸಾಲಿಗೆ ಹೋಯಿತು. ನನ್ನ ಮನೆಯಲ್ಲಿ ಕುದಿಸಿದ ರಸ ಅದರಲ್ಲಿತ್ತು.

ಅವರು ಮತ್ತೆ ಬರಲಿಲ್ಲ. ಆರು ತಿಂಗಳ ಮೇಲೆ ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಹಾ ಕೊಟ್ಟರು, ಸಿಟ್ಟಿನ ಮಾತು ಒಂದೂ ಆಡಲಿಲ್ಲ. ಅವರು ಹೇಳಿದ್ದು ಇಷ್ಟು: "ನೀವು ಠರಾವಿನಾಗ ಬರದದ್ದು ಸುಳ್ಳಲ್ಲ ಬಿಡ್ರಿ ಸರ್, ಬಾರ್ ಛಲೋ ಜಾಗಾ ಅಲ್ಲ ಅನ್ನೂದು ನನಗೂ ಗೊತ್ತೈತಿ. ಆದ್ರ ಕೆಲಸ ಬಿಡು ಅಂದವ್ರು ಹದಿನಾಕು ಮಂದಿ, ಇಲ್ಲೊಂದು ಕೆಲಸ ಐತಿ ಬಾ ಅಂದವ್ರು ಒಬ್ರೂ ಇಲ್ಲ."

ನಿಮ್ಮದೇ ಜಿಲ್ಲೆಯ ಗುಳೇದಗುಡ್ಡದಲ್ಲಿ 1851ರಲ್ಲಿ ಠಾಣೆ ಹೂಡಿದ ಬಾಸೆಲ್ ಮಿಷನ್ನಿನವರು ಕರಾವಳಿಯಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದ್ದರು. ಕಳ್ಳು ಇಳಿಸುವ ಕಸುಬಿನ ಅನೇಕ ಬಿಲ್ಲವರು ಅಲ್ಲಿ ಸಭೆಗೆ ಸೇರಿದಾಗ ಆ ಕಸುಬು ಕ್ರೈಸ್ತರಿಗೆ ತಕ್ಕದ್ದಲ್ಲವೆಂದು ಮಿಷನ್ ಹೇಳಿತು. ಅಷ್ಟು ಹೇಳಿ ಅವರನ್ನು ಬೀದಿಯಲ್ಲಿ ಬಿಡದೆ ನೇಯ್ಗೆಯ ಶಾಲೆಗಳನ್ನು ನಡೆಸಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿತು, ಜನರಿಗೆ ಸಂಬಳ ಕೊಟ್ಟಿತು. ಅವರ ಶಿಸ್ತು ಎಲ್ಲ ವಿಷಯದಲ್ಲಿಯೂ ಸರಿಯಾಗಿತ್ತೆಂದು ನಾನು ವಾದಿಸುವುದಿಲ್ಲ, ಆದರೆ ಬಿಡು ಎಂದವರು ಬಿಟ್ಟವನ ಹೊಟ್ಟೆಯ ಹೊಣೆಯನ್ನೂ ಹೊತ್ತರು. ನಮ್ಮ ಸಮಿತಿ ಹೊತ್ತದ್ದು ಒಂದು ಠರಾವಿನ ಪುಸ್ತಕವನ್ನು ಮಾತ್ರ.

ತೀರ್ಪು ಮಾಡಬೇಡಿರಿ ಎಂಬ ಮಾತನ್ನು ಹಿಡಿದುಕೊಂಡು, ಸಭೆ ಯಾರನ್ನೂ ಏನೂ ಕೇಳಕೂಡದೆಂದು ನಾನು ಹೇಳುತ್ತಿಲ್ಲ. ತೋರಿಕೆಯನ್ನು ನೋಡಿ ತೀರ್ಪು ಮಾಡದೆ ನ್ಯಾಯವಾಗಿ ಮಾಡಿರಿ ಎಂದವನೂ ಯೇಸುವೇ, ಸಭೆಯೊಳಗಿರುವ ಕುಡುಕನನ್ನು ಸುಮ್ಮನೆ ಬಿಡಬೇಡಿ ಎಂದು ಕೊರಿಂಥದವರಿಗೆ ಬರೆದವನು ಪೌಲನೇ. ನಿನ್ನ ಕಣ್ಣಿನ ತೊಲೆಯನ್ನು ಬಿಟ್ಟು ಸಹೋದರನ ಕಣ್ಣಿನ ರವೆಯನ್ನು (ಸಣ್ಣ ಕಸವನ್ನು) ನೋಡುವುದೇಕೆ ಎಂಬ ಮಾತಿನಲ್ಲಿಯೂ ಕಡೆಗೆ ರವೆಯನ್ನು ತೆಗೆಯಬೇಡ ಎಂದಿಲ್ಲ. ಮೊದಲು ನಿನ್ನ ತೊಲೆಯನ್ನು ತೆಗೆ, ಆಗ ನಿನಗೆ ಚೆನ್ನಾಗಿ ಕಾಣಿಸುತ್ತದೆ ಎಂದಿದೆ. ಆದರೆ ಮತ್ತಾಯನ 18ನೇ ಅಧ್ಯಾಯದಲ್ಲಿ ಅದಕ್ಕೊಂದು ಕ್ರಮವಿದೆ: ಮೊದಲು ಒಬ್ಬನೇ ಹೋಗಿ ಅವನೊಬ್ಬನ ಹತ್ತಿರ ಮಾತನಾಡಬೇಕು, ಕೇಳದಿದ್ದರೆ ಇಬ್ಬರು ಮೂವರು, ಸಭೆಯ ಸರದಿ ಕೊನೆಗೆ. ನಾವು ಮೊದಲ ಎರಡನ್ನೂ ಬಿಟ್ಟು ಕೊನೆಯದರಿಂದ ಆರಂಭಿಸಿದೆವು. ಭೋಜನದ ವಿಷಯದಲ್ಲಂತೂ ಪ್ರತಿಯೊಬ್ಬನು ತನ್ನನ್ನು ತಾನೇ ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಎಂದು ಬರೆದಿದೆ. ಪಕ್ಕದವನನ್ನು ಪರೀಕ್ಷಿಸಿ ಎಂದು ಬರೆದಿಲ್ಲ.

ಆದ್ದರಿಂದ ಕೆಲಸಕ್ಕೆ ಹಾಜರಾಗುವ ಮೊದಲು ಆ ಹಿರಿಯರ ಮನೆಗೆ ನೀವೇ ಹೋಗಿ ಬನ್ನಿ. ಜಗಳಕ್ಕಲ್ಲ, ನೇಮಕದ ಪತ್ರವನ್ನು ಅವರ ಮುಂದಿಟ್ಟು, ಅಲ್ಲಿ ನಿಮ್ಮ ಕೆಲಸವೇನೆಂದು ವಿವರವಾಗಿ ಹೇಳಿ, ಇದನ್ನು ಬಿಟ್ಟರೆ ಮುಂದೇನು ಮಾಡಲಿ ಕಾಕಾ ಎಂದು ಗೌರವದಿಂದಲೇ ಕೇಳಿ. ಅವರ ಬಳಿ ಬೇರೆ ದಾರಿ ಇದ್ದರೆ ತೆರೆದ ಮನಸ್ಸಿನಿಂದ ಯೋಚಿಸಿ. ಇಲ್ಲದಿದ್ದರೆ ಇಬ್ಬರೂ ಕೂಡಿ ನಿಮ್ಮ ಸಭಾಪಾಲಕರ ಹತ್ತಿರ ಹೋಗಿ. ಭೋಜನದಿಂದ ತಡೆಯುವಂಥ ದೊಡ್ಡ ಮಾತು ಅವರ ಎದುರಿಗೆ, ನಿಮ್ಮ ಮಾತನ್ನೂ ಕೇಳಿದ ಮೇಲೆ ತೀರ್ಮಾನವಾಗಬೇಕು. ಅಲ್ಲಿಯವರೆಗೂ ಆರಾಧನೆಗೆ ಹೋಗುವುದನ್ನು ನಿಲ್ಲಿಸಬೇಡಿ.