ಸ್ವರ ಸಂದೇಹ: ನಲವತ್ತೈದಕ್ಕೆ ಮೊದಲ ವಾದ್ಯ ಯಾವುದು?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 45 ವರ್ಷ. ತಿಪಟೂರಿನಲ್ಲಿ ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ಚಿಕ್ಕಂದಿನಿಂದ ಸಂಗೀತ ಅಂದರೆ ಪ್ರಾಣ, ಆದರೆ ಹಾಡುವ ಗಂಟಲಿಲ್ಲ. ಸ್ಕೂಲಿನ ಪ್ರಾರ್ಥನೆಗೂ ನನ್ನನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಮಗಳು ಈಗ ಕೆಲಸಕ್ಕೆ ಸೇರಿದ್ದಾಳೆ, ಮೊದಲ ಸಂಬಳದಲ್ಲಿ ನನಗೊಂದು ವಾದ್ಯ ಕೊಡಿಸುತ್ತೇನೆ ಅಂತ ಹಟ ಹಿಡಿದಿದ್ದಾಳೆ. 10 ಸಾವಿರದ ಒಳಗಿರಬೇಕು. ಅವಳು ಯುಕುಲೇಲೆ ಅನ್ನುತ್ತಾಳೆ, ನನ್ನ ತಮ್ಮ ಕ್ಯಾಸಿಯೋ ಅನ್ನುತ್ತಾನೆ, ಪಕ್ಕದ ಮನೆಯವರು ವೀಣೆ ಅನ್ನುತ್ತಾರೆ. ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಸಿಗುತ್ತದೆ. ದೇವರನಾಮ, ಭಾವಗೀತೆ ನುಡಿಸುವಷ್ಟು ಬಂದರೆ ಸಾಕು. ಈ ವಯಸ್ಸಿಗೆ ಯಾವುದು ಸುಲಭ?

ಉತ್ತರ: ಹಾರ್ಮೋನಿಯಂ ತಗೊಳ್ಳಿ ತಾಯಿ. ನೀವು ಕೇಳಿದ ಮೂರರಲ್ಲಿ ಅದು ಇಲ್ಲ ಅಂತ ಗೊತ್ತು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಆ ಹಿಂದಿನ ಸಾಲಿನ ವಿಷಯ. ಮೂವತ್ತು ವರ್ಷ ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟವಳು ನಾನು, ಆ ಮಾತು ಓದಿ ಮನಸ್ಸಿಗೆ ಕಷ್ಟವಾಯಿತು. ಪ್ರಾರ್ಥನೆ ಶುರು ಮಾಡುವ ಮೇಷ್ಟ್ರು ತಮ್ಮ ಗಂಟಲಿಗೆ ಹೊಂದುವ ಶ್ರುತಿಯಲ್ಲಿ ಶುರು ಮಾಡುತ್ತಾರೆ. ಅದು ಎಟುಕದ ಮಗುವಿಗೆ ಅಪಸ್ವರ ಬರುತ್ತದೆ. ಕಿವಿ ಸರಿಯಾಗೇ ಇರುತ್ತದೆ, ಶ್ರುತಿ ಆ ಮಗುವಿನದಾಗಿರುವುದಿಲ್ಲ, ಅಷ್ಟೇ. ನಿಮ್ಮದೂ ಹಾಗೇ ಆಗಿರಬಹುದು. ಹಾರ್ಮೋನಿಯಂ ಬಂದಮೇಲೆ ಒಂದು ಕೆಲಸ ಮಾಡಿ: ಎಡಗಡೆಯಿಂದ ಒಂದೊಂದೇ ಮನೆ (ಕಪ್ಪು, ಬಿಳಿ ಪಟ್ಟಿಗಳಿಗೆ ಹೀಗನ್ನುತ್ತೇವೆ) ಒತ್ತುತ್ತಾ ಜೊತೆಗೆ ಸಣ್ಣಗೆ ಗುನುಗಿ. ಯಾವ ಮನೆಯಿಂದ ಮೇಲಿನ ಷಡ್ಜದವರೆಗೂ, ಅಂದರೆ ಮೇಲಿನ ‘ಸ’ವರೆಗೂ, ಗಂಟಲು ಬಿಗಿಯದೆ ಹೋಗಿಬರುತ್ತದೋ ಅದು ನಿಮ್ಮ ಶ್ರುತಿ. ಅದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೆ ಅಂಟಿಸಿಡಿ.

ಈಗ ಮಗಳು ಹೇಳಿದ ಯುಕುಲೇಲೆ. ಅದು ನಿಜವಾಗಿಯೂ ಸುಲಭದ ವಾದ್ಯ. ನಾಲ್ಕೇ ತಂತಿ, ಅದೂ ನೈಲಾನಿನವು, ಬೆರಳು ನೋಯುವುದಿಲ್ಲ. ಸಿ ಅನ್ನುವ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದೇ ಬೆರಳು ಸಾಕು: ಕೊನೆಯ ತಂತಿಯ ಮೂರನೇ ಮನೆ ಒತ್ತಿ ಗೀರಿದರೆ ಮುಗಿಯಿತು. ಆದರೆ ಕಾರ್ಡು ಅನ್ನುವುದು ಹಾಡಿನ ಬೆನ್ನಿಗೆ ನಿಲ್ಲುವಂಥದ್ದು. ಹಾಡನ್ನು ಹೊರುವ ಗಂಟಲು ಬೇರೆ ಬೇಕು. ನೀವು ಹಾಡುವುದಿಲ್ಲ ಅಂತೀರಿ, ನಿಮಗೆ ರಾಗವನ್ನೇ ನುಡಿಸುವ ವಾದ್ಯ ಬೇಕು. ಮಗಳು ಹಾಡುವವಳಾದರೆ ಅವಳೇ ಒಂದು ಕೊಂಡುಕೊಳ್ಳಲಿ, ಇಬ್ಬರೂ ಕೂತು ನುಡಿಸಬಹುದು.

ವೀಣೆಯ ಬಗ್ಗೆ ನನ್ನ ಅನುಭವವನ್ನೇ ಹೇಳುತ್ತೇನೆ. ನಮ್ಮ ಪಕ್ಕದ ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಲ್ಲಿ ವೀಣೆ ಮಾಡುವ ಮನೆಗಳಿವೆ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಆಸೆಪಟ್ಟು ಒಂದು ವೀಣೆ ತಂದೆ. ಅಷ್ಟರಲ್ಲಿ ಯಜಮಾನರಿಗೆ ಪಾವಗಡಕ್ಕೆ ವರ್ಗವಾಯಿತು. ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುತ್ತಾರೆ. ಪಾವಗಡದ ಏಪ್ರಿಲ್ ಬಿಸಿಲಿಗೆ ಆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಜರುಗಿದವು. ಗಾಂಧಾರ ಒತ್ತಿದರೆ ಗಾಂಧಾರ ಬರುತ್ತಿರಲಿಲ್ಲ. ಮೇಳ ಕಟ್ಟಿಸಲು, ಅಂದರೆ ಮೆಟ್ಟಿಲುಗಳನ್ನು ಸರಿಯಾದ ಜಾಗದಲ್ಲಿ ಕೂರಿಸಲು, ಮತ್ತೆ ಅಷ್ಟು ದೂರ ಒಯ್ಯಬೇಕು. ವೀಣೆಯಂಥ ವಾದ್ಯ ಇನ್ನೊಂದಿಲ್ಲ, ಇವತ್ತಿಗೂ ಅದರ ನಾದ ಕೇಳಿದರೆ ನನಗೆ ಕಣ್ಣು ತುಂಬುತ್ತದೆ. ಆದರೆ ಅದು ಹತ್ತಿರದಲ್ಲೇ ಗುರು, ಸ್ಥಿರವಾದ ಮನೆ, ದಿನಕ್ಕೆ ಒಂದು ಗಂಟೆಯಾದರೂ ಕೇಳುತ್ತದೆ. 10 ಸಾವಿರಕ್ಕೆ ಒಳ್ಳೆಯದು ಸಿಗುವುದೂ ಇಲ್ಲ.

ಕ್ಯಾಸಿಯೋ ತಪ್ಪು ಆಯ್ಕೆಯಲ್ಲ. ರಾತ್ರಿ ಸದ್ದಿನಿಂದ ಅಕ್ಕಪಕ್ಕದವರಿಗೆ ತೊಂದರೆ ಅನ್ನುವಂತಿದ್ದರೆ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕಲಿಯಿರಿ, 61 ಮನೆಯದ್ದು ಇರಲಿ. ಮನೆಗಳ ಜೋಡಣೆ ಒಂದೇ, ಆಮೇಲೆ ಹಾರ್ಮೋನಿಯಂಗೆ ಬರುವುದು ಕಷ್ಟವಲ್ಲ. ನನಗೆ ಅದರಲ್ಲಿ ಒಂದೇ ಕೊರತೆ, ಉಸಿರು. ಹಾರ್ಮೋನಿಯಂನಲ್ಲಿ ಎಡಗೈ ತಿದಿ (ಹಿಂದಿನ ಗಾಳಿ ಚೀಲ) ಒತ್ತಿದಷ್ಟೇ ನಾದ. ಸ್ವರ ಎಲ್ಲಿ ಉಬ್ಬಬೇಕು, ಎಲ್ಲಿ ಇಳಿಯಬೇಕು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ.

ಇಲ್ಲೇ ನಿಮಗೆ ಒಂದು ಅನುಕೂಲವಿದೆ. ಹಾರ್ಮೋನಿಯಂ ಕಲಿಯುವವರಿಗೆ ಮೊದಲ ತಿಂಗಳು ಕಾಡುವುದು ಎರಡು ಕೈಗೆ ಎರಡು ಕೆಲಸ. ಬಲಗೈ ಸ್ವರ ಹುಡುಕುತ್ತಿದ್ದರೆ ಎಡಗೈ ನಿಂತುಹೋಗುತ್ತದೆ. ನೀವು ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತಾ ಬಟ್ಟೆ ತಿರುಗಿಸುತ್ತಿರುವವರು. ಕಾಲು ಒಂದೇ ಸಮ ಓಡುತ್ತಿರುತ್ತದೆ, ಕಣ್ಣು ಹೊಲಿಗೆಯ ಮೇಲಿರುತ್ತದೆ. ನನ್ನ ಹತ್ತಿರ ಕಲಿತ ದೊಡ್ಡವರಲ್ಲಿ ತಿದಿಯ ಹದ ಬೇಗ ಸಿಕ್ಕಿದ್ದು ಒಬ್ಬ ಟೈಲರ್‌ಗೆ ಮತ್ತು ಒಬ್ಬ ಬಸ್ ಕಂಡಕ್ಟರ್‌ಗೆ. ಕಂಡಕ್ಟರ್ ಶುರು ಮಾಡಿದ್ದು 51ಕ್ಕೆ. ಓಡುವ ಬಸ್ಸಿನಲ್ಲಿ ನಿಂತೇ ಚಿಲ್ಲರೆ ಎಣಿಸುವ ಕೈ ಅವರದು.

ಮೊದಲ ದಿನ ಹೀಗೆ ಮಾಡಿ. ಚಾಪೆಯ ಮೇಲೆ ಕೂತು ಪೆಟ್ಟಿಗೆಯನ್ನು ಮೊಣಕಾಲಿನ ಮುಂದೆ ಇಟ್ಟುಕೊಳ್ಳಿ. ಹಿಂದಿನ ಕೊಕ್ಕೆ ಬಿಚ್ಚಿ ತಿದಿ ತೆರೆಯಿರಿ, ಮುಂದಿನ ಗುಂಡಿಗಳಲ್ಲಿ ಒಂದೋ ಎರಡೋ ಎಳೆಯಿರಿ. ಬಿಳಿ ಒಂದನ್ನು (ಎರಡು ಕಪ್ಪು ಮನೆಗಳ ಜೋಡಿಗೆ ಎಡಗಡೆ ಅಂಟಿದ ಬಿಳಿ ಮನೆ; ಅಲ್ಲಿಂದ ಬಲಕ್ಕೆ ಬಿಳಿ, ಕಪ್ಪುಗಳನ್ನು ಬೇರೆ ಬೇರೆಯಾಗಿ ಎಣಿಸುತ್ತೇವೆ) ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, 16 ಎಣಿಸುವವರೆಗೂ ನಾದ ಅಲುಗಾಡದ ಹಾಗೆ ತಿದಿ ಹಾಕಿ. ಬಡಿಯಬೇಡಿ, ಬಾಗಿಲು ಸದ್ದಾಗದ ಹಾಗೆ ಮುಚ್ಚುತ್ತೀವಲ್ಲ, ಹಾಗೆ. ನನಗೆ ಕಲಿಸಿದ ತುರುವೇಕೆರೆ ಕಡೆಯ ನಾಟಕದ ಮೇಷ್ಟ್ರು ಒಂದು ವಾರ ಇದೊಂದನ್ನೇ ಮಾಡಿಸಿದರು. ನೀವು ಮೂರು ದಿನ ಮಾಡಿ.

ನಾಲ್ಕನೇ ದಿನ ಮಾಯಾಮಾಳವಗೌಳ ರಾಗ. 15ನೇ ಮೇಳಕರ್ತ, ಅಂದರೆ ಮೂಲ ರಾಗ, ಪುರಂದರದಾಸರ ಕಾಲದಿಂದ ಪಾಠ ಶುರುವಾಗುವುದೇ ಅದರಲ್ಲಿ ಎಂದು ನಮ್ಮ ಸಂಪ್ರದಾಯ ಹೇಳುತ್ತದೆ. ಯಾಕೆ ಎಂಬುದು ಹಾರ್ಮೋನಿಯಂನಲ್ಲಿ ಕಣ್ಣಿಗೇ ಕಾಣುತ್ತದೆ. ಬಿಳಿ ಒಂದು ಷಡ್ಜ, ಅದಕ್ಕೆ ಅಂಟಿದ ಕಪ್ಪು ಒಂದು ರಿಷಭ, ಬಿಳಿ ಮೂರು ಗಾಂಧಾರ, ಬಿಳಿ ನಾಲ್ಕು ಮಧ್ಯಮ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳು. ಈಗ ಬೆರಳುಗಳ ಆ ಆಕಾರ ಕೆಡದ ಹಾಗೆ ಕೈಯನ್ನು ಎತ್ತಿ ಬಿಳಿ ಐದರ ಮೇಲೆ ಇಡಿ. ಪಂಚಮ ಬಿಳಿ ಐದು, ಧೈವತ ಕಪ್ಪು ನಾಲ್ಕು, ನಿಷಾದ ಬಿಳಿ ಏಳು, ಅದರ ಪಕ್ಕ ಮೇಲಿನ ಷಡ್ಜ. ಅದೇ ಆಕಾರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಿಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಒಂದೇ ಅಳತೆಯಲ್ಲಿ ಕತ್ತರಿಸಿದ ಎರಡು ತೋಳು. ಇದನ್ನು ಮೊದಲ ಸಲ ಕಂಡ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಇನ್ನೊಂದು, ಬೇಸರವಾದ ದಿನಕ್ಕೆ. ಕಪ್ಪು ಮೂರನ್ನು ಷಡ್ಜ ಮಾಡಿಕೊಂಡು ಬರೀ ಕಪ್ಪು ಮನೆಗಳ ಮೇಲೆ ಬೆರಳಾಡಿಸಿ. ಬಿಳಿ ಮುಟ್ಟಲೇಬೇಡಿ. ಅದು ಮೋಹನ ರಾಗದ ಸ್ವರಸ್ಥಾನ, ಹೇಗೆ ಒತ್ತಿದರೂ ಕಿವಿಗೆ ಹಿತ.

ಇದರ ಮಿತಿಯನ್ನೂ ಹೇಳಲೇಬೇಕು. ಹಾರ್ಮೋನಿಯಂನಲ್ಲಿ ಗಮಕ ಇಲ್ಲ. ಮನೆ ಒತ್ತಿದರೆ ಒತ್ತಿದ ಸ್ವರ ಅಷ್ಟೇ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು, ಓಲಾಡಲು ಬರುವುದಿಲ್ಲ. ಈ ಕಾರಣಕ್ಕೇ 1940ರಲ್ಲಿ ರೇಡಿಯೋದವರು ಇದನ್ನು ನಿಷೇಧಿಸಿದರು, 1971ರವರೆಗೂ ನಿಷೇಧ ನಡೆಯಿತು. ಶಾಸ್ತ್ರದ ದೃಷ್ಟಿಯಲ್ಲಿ ಆ ಆಕ್ಷೇಪ ಸುಳ್ಳಲ್ಲ. ತೋಡಿ ರಾಗ ವಿಸ್ತಾರ ಮಾಡಬೇಕೆಂಬ ಆಸೆ ನಿಮಗೆ ಹುಟ್ಟಿದ ದಿನ ಪಿಟೀಲೋ ವೀಣೆಯೋ ಹಿಡಿಯಿರಿ. ದೇವರನಾಮಕ್ಕೆ, ಭಾವಗೀತೆಗೆ, ರಂಗಗೀತೆಗೆ ಈ ಪೆಟ್ಟಿಗೆ ಧಾರಾಳವಾಗಿ ಸಾಕು.

ನಾನು ಹಾರ್ಮೋನಿಯಂ ಎನ್ನಲು ದೊಡ್ಡ ಕಾರಣ ನೀವಿರುವ ಸೀಮೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ, ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದ ಆ ಕಂಪನಿ, ನಮ್ಮ ತುಮಕೂರು ಜಿಲ್ಲೆಗೆ ಬಿಟ್ಟುಹೋದ ಆಸ್ತಿ ಅಂದರೆ ಇದೇ ವಾದ್ಯ. ಕಂಪನಿಯವರದು ಕಾಲಲ್ಲಿ ತುಳಿಯುವ ದೊಡ್ಡ ಪೆಟ್ಟಿಗೆ, ಎರಡು ಕೈಯೂ ಸ್ವರಕ್ಕೇ ಬಿಡುವು. ಇವತ್ತಿಗೂ ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಊರಿನವರೇ ಸೇರಿ ಕುರುಕ್ಷೇತ್ರ ನಾಟಕ ಕಟ್ಟುತ್ತಾರೆ. ಹೊಲದ ಕೆಲಸ ಮುಗಿಸಿ, ಅಂಗಡಿ ಬಾಗಿಲು ಹಾಕಿ ಬಂದವರು ತಿಂಗಳುಗಟ್ಟಲೆ ರಾತ್ರಿ ತಾಲೀಮಿಗೆ ಕೂರುತ್ತಾರೆ. ನಡುವೆ ಹಾರ್ಮೋನಿಯಂ ಮೇಷ್ಟ್ರು. ಅವರೆಲ್ಲ ನಿಮ್ಮ ಹಾಗೇ ನಲವತ್ತು, ಐವತ್ತು ದಾಟಿ ಕಂದ ಪದ್ಯ ಕಲಿತವರು. ಭಜನೆ ಮನೆಯಲ್ಲೂ ಅದೇ ಪೆಟ್ಟಿಗೆ. ಯುಕುಲೇಲೆ ಕಲಿತರೆ ಒಬ್ಬರೇ ಮೊಬೈಲ್ ನೋಡಿಕೊಂಡು ಕೂರಬೇಕು. ಹಾರ್ಮೋನಿಯಂ ಕಲಿತರೆ ಶನಿವಾರ ಭಜನೆಗೆ ಹೋಗಿ ಹಿಂದೆ ಕೂತು ಶ್ರುತಿ ಹಿಡಿಯಬಹುದು. ವಾರಕ್ಕೊಮ್ಮೆ ಇನ್ನೊಬ್ಬರ ಜೊತೆ ನುಡಿಸಿದವರು ಕಲಿಕೆ ಬಿಡುವುದು ಕಡಿಮೆ, ನಾನು ಕಂಡಿದ್ದೇನೆ.

ಕೊಳ್ಳುವಾಗ ಸ್ಕೇಲ್ ಚೇಂಜರ್ (ಮನೆಗಳನ್ನು ಸರಿಸಿ ಶ್ರುತಿ ಬದಲಿಸುವ ಪೆಟ್ಟಿಗೆ) ಬೇಡ. ತೂಕ ಜಾಸ್ತಿ, ರಿಪೇರಿ ಜಾಸ್ತಿ. ನಮ್ಮ ಕಂಡಕ್ಟರ್ ಅಂಗಡಿಯವರ ಮಾತು ಕೇಳಿ ದುಬಾರಿಯದ್ದನ್ನು ತಂದು, ಮೊದಲ ಮಳೆಗೇ ಮನೆಗಳು ಬಿಗಿದು ಪರದಾಡಿದರು. ಮೂರು ಅಥವಾ ಮೂರೂವರೆ ಸ್ಥಾಯಿಯ ಡಬಲ್ ರೀಡಿನ (ಒಂದೊಂದು ಮನೆಗೂ ನಾದ ಕೊಡುವ ಎರಡು ಲೋಹದ ನಾಲಿಗೆ ಇರುವ) ಸಾದಾ ಪೆಟ್ಟಿಗೆ ನಿಮ್ಮ ಹಣದಲ್ಲಿ ಹೆಚ್ಚುಕಡಿಮೆ ಸಿಗುತ್ತದೆ, ಹಳೆಯದಾದರೆ ಇನ್ನೂ ಕಡಿಮೆಗೆ. ಗುಜರಾತಿನ ಪಾಲಿಟಾಣಾದ ರೀಡಿಗೆ ಒಳ್ಳೆಯ ಹೆಸರಿದೆ, ಕೇಳಿ ನೋಡಿ. ಹಳೆಯದನ್ನು ತರುವಾಗ ಯಾವ ಮನೆಯನ್ನೂ ಒತ್ತದೆ ತಿದಿ ಹಾಕಿ: ಗಾಳಿ ತುಂಬಿ ತಿದಿ ಬಿಗಿಯಬೇಕು. ಹಾಕಿದಷ್ಟೂ ಸಲೀಸಾಗಿ ಹೋಗುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲಿ ಕಡಿದಿರಬಹುದು. ಆಮೇಲೆ ಪ್ರತಿ ಮನೆಯನ್ನೂ ಒಂದೊಂದಾಗಿ ಒತ್ತಿ ಕೇಳಿ. ಒತ್ತದೆಯೇ ಕುಯ್ಯೆನ್ನುವುದು ಇದ್ದರೆ ಬಿಟ್ಟುಬನ್ನಿ.

ಮೇಷ್ಟ್ರು ಸಿಕ್ಕಿದರೆ ಮೊದಲ ಎರಡು ತಿಂಗಳಾದರೂ ಹೋಗಿ, ಬೆರಳಿನ ಅಭ್ಯಾಸ ಕೆಟ್ಟರೆ ತಿದ್ದುವುದು ಕಷ್ಟ.

ಪ್ರಶ್ನೆ: ನಾನು ನಿವೃತ್ತ, 66 ವರ್ಷ, ಶಿರಾ. ಕೊಳಲು ಅಗ್ಗ, ಚಿಕ್ಕದು, ಜೇಬಿನಲ್ಲಿ ಹಿಡಿಯುತ್ತದೆ. ಆದ್ದರಿಂದ ಸುಲಭ ಅಂದುಕೊಂಡು ತಂದೆ. ಹತ್ತು ದಿನವಾದರೂ ಬರೀ ಗಾಳಿ ಬರುತ್ತಿದೆ, ತಲೆ ಸುತ್ತುತ್ತದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಯಜಮಾನರೇ, ಆದರೆ ಊದುವುದನ್ನು ಕಡಿಮೆ ಮಾಡಿ. ಒಂದು ಸಲಕ್ಕೆ ಐದೇ ನಿಮಿಷ, ದಿನಕ್ಕೆ ಮೂರು ಸಲ. ಜೋರಾಗಿ ಊದುವುದರಿಂದಲೇ ತಲೆ ಸುತ್ತುವುದು. ಉಸಿರಿನ ತೊಂದರೆ, ಬಿಪಿ ಇದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ. ಬೆರಳುಗಳನ್ನು ಮರೆತು, ಎಲ್ಲಾ ತೂತು ಬಿಟ್ಟು, ಕನ್ನಡಿಯ ಮುಂದೆ ನಿಂತು ತುಟಿಯನ್ನಷ್ಟೇ ನೋಡಿಕೊಳ್ಳಿ. ಅರ್ಧ ಗಾಳಿ ತೂತಿನ ಒಳಗೆ, ಅರ್ಧ ಅದರ ಆಚೆ ಅಂಚಿನ ಮೇಲಿಂದ ಹೋಗಬೇಕು. ಕೊಳಲನ್ನು ಒಂದು ನೂಲಿನಷ್ಟು ಆಚೆ ಈಚೆ ಹೊರಳಿಸುತ್ತಾ ಇದ್ದರೆ ಒಂದು ಜಾಗದಲ್ಲಿ ನಾದ ಹಿಡಿಯುತ್ತದೆ. ಆ ಜಾಗ ತುಟಿಗೆ ನೆನಪಾಗಲು ಎರಡು ಮೂರು ವಾರ ಬೇಕು. ಕರ್ನಾಟಕ ಸಂಗೀತದ ಕೊಳಲಿಗೆ ಊದುವ ತೂತು ಬಿಟ್ಟು ಎಂಟು ತೂತು, ಹಿಂದೂಸ್ತಾನಿ ಸಂಗೀತದ ಬಾನ್ಸುರಿಗೆ ಸಾಮಾನ್ಯವಾಗಿ ಆರು. ನಿಮ್ಮದು ಯಾವುದು ಎಂದು ನೋಡಿಕೊಂಡು ಆ ಪದ್ಧತಿಯ ಗುರುಗಳನ್ನೇ ಹುಡುಕಿ. ಜಾತ್ರೆಯಲ್ಲಿ ತಂದದ್ದಾದರೆ ಶ್ರುತಿ ಸರಿಯಿರುವುದು ಅಪರೂಪ.

ಪ್ರಶ್ನೆ: ಮೇಡಂ, ನನಗೆ 29. ಕ್ಯಾತ್ಸಂದ್ರದಲ್ಲಿ ರೂಮು, ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ. ಗಿಟಾರ್ ತಂದು ಆರು ತಿಂಗಳಾಯಿತು. ಬೆರಳ ತುದಿ ಉರಿಯುತ್ತದೆ, ಎಫ್ ಕಾರ್ಡ್ ಬರುತ್ತಲೇ ಇಲ್ಲ. ಮಾರಿಬಿಡೋಣ ಅನಿಸಿದೆ.

ಉತ್ತರ: ತಮ್ಮಾ, ಮಾರುವ ಮೊದಲು ಸ್ಕೇಲಿನಲ್ಲಿ ಒಂದು ಅಳತೆ ತಗೋ. ಕುತ್ತಿಗೆಯ 12ನೇ ಪಟ್ಟಿಯ (ಅಡ್ಡಲಾಗಿ ಕೂರಿಸಿದ ಲೋಹದ ಫ್ರೆಟ್) ಹತ್ತಿರ ತಂತಿಗೂ ಪಟ್ಟಿಗೂ ನಡುವೆ ಎಷ್ಟು ಸಂದು ಇದೆ? ಎರಡರಿಂದ ಮೂರು ಮಿಲಿಮೀಟರ್ ಇದ್ದರೆ ಸರಿ. ನಾಲ್ಕರ ಮೇಲಿದ್ದರೆ ತಪ್ಪು ನಿನ್ನ ಬೆರಳಿನದಲ್ಲ, ಗಿಟಾರಿನದು. ರಿಪೇರಿಯವರ ಹತ್ತಿರ ತಂತಿ ತಗ್ಗಿಸಲು ಹೇಳು, ಜೊತೆಗೆ 12ರ ಬದಲು 10 ಗೇಜಿನ ತೆಳು ತಂತಿ ಹಾಕಿಸು. ಎಫ್ ಅನ್ನು ಮೂರು ತಿಂಗಳು ಮುಟ್ಟಬೇಡ. ಜಿ, ಸಿ, ಡಿ, ಇ ಮೈನರ್ ಇಷ್ಟರಲ್ಲೇ ನುಡಿಸುವ ಹಾಡು ಬೇಕಾದಷ್ಟಿವೆ. ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಿಗ್ಗೆ ಅಭ್ಯಾಸ ಬೇಡ, ನಿದ್ದೆ ಮಾಡಿ ಎದ್ದಮೇಲೆ ಹದಿನೈದು ನಿಮಿಷ ಕೂತರೆ ಸಾಕು. ತಂತಿ ತಗ್ಗಿಸಿದ ಮೇಲೂ ಉರಿ ಹೋಗದಿದ್ದರೆ ಮತ್ತೆ ಬರೆ.